ಸಕ್ಕರೆ ಕಾಯಿಲೆ ಬಂದರೆ ರೊಟ್ಟಿ ಬಿಡಬೇಕೇನು?



ಬಸವಕಲ್ಯಾಣ, ಹುಮನಾಬಾದ ತಾಲೂಕಿನ ಸಂಘಗಳ ಸಭೆಗೆ ನಾವು ಹೋದಾಗ, ಉಳಿತಾಯ ಮತ್ತು ಸಾಲದ ಲೆಕ್ಕ ಮುಗಿದ ಮೇಲೆ ಕೇಳಿಬರುವ ಮಾತು ಒಂದೇ: "ಸಿಸ್ಟರ್, ಶುಗರ್ ಬಂದದ, ಇನ್ನ ಏನ್ ತಿನ್ಬೇಕ್ರಿ?" ಕೆಲವರು ರೊಟ್ಟಿ ಬಿಟ್ಟು ಚಪಾತಿ ಹಿಡಿದಿದ್ದಾರೆ. ಕೆಲವರು ರಾತ್ರಿ ಊಟವನ್ನೇ ಬಿಟ್ಟಿದ್ದಾರೆ. ಸಂಘದ ಸಾಲದಲ್ಲಿ ದುಬಾರಿ ಪುಡಿಯ ಡಬ್ಬಿ ತಂದವರೂ ಇದ್ದಾರೆ. ಮನೆಯವರಿಗೆ ಒಂದು ಅಡಿಗೆ, ತನಗೆ ಇನ್ನೊಂದು ಅಡಿಗೆ ಅಂತ ಶುರು ಮಾಡಿದವಳು ಎಂಟು ದಿನ ಮಾಡುತ್ತಾಳೆ, ಒಂಬತ್ತನೇ ದಿನ ಸಾಕಾಗಿ ಬಿಡುತ್ತಾಳೆ.

ಬೇರೆ ಅಡಿಗೆ ಬೇಕಿಲ್ಲ. ನಮ್ಮ ಒಲೆಯ ಮೇಲಿನ ಅಡಿಗೆಯೇ ಸಾಕು, ತಾಟಿನಲ್ಲಿ ಬಡಿಸುವ ಅಳತೆ ಬದಲಾಗಬೇಕು ಅಷ್ಟೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಇದ್ದರೆ ಊಟ ನಿಧಾನವಾಗಿ ಕರಗಿ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಗೋಧಿ ಹಿಟ್ಟಿನಲ್ಲೂ ನಾರು ಹೆಚ್ಚುಕಡಿಮೆ ಜೋಳದಷ್ಟೇ. ಹಾಗಾದರೆ ಚಪಾತಿಗೆ ಹೋಗಿ ಬಂದ ಲಾಭ ಏನು? ಮೇಲೆ ಎಣ್ಣೆ ಬೇರೆ! ಆದರೆ ಜೋಳ ಔಷಧ ಅಂತ ನಾಲ್ಕೈದು ರೊಟ್ಟಿ ಹೊಡೆಯಬೇಡಿರಿ. ಜೋಳದಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ತಾಟಿನ ಅರ್ಧ ಪಲ್ಯೆ, ಕಾಲು ಭಾಗ ಬೇಳೆ ಅಥವಾ ಕಾಳು, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ. ಎರಡೂ ಬೇಕೆನಿಸಿದರೆ ಒಂದು ರೊಟ್ಟಿ ಕಡಿಮೆ ಮಾಡಿ ನಾಲ್ಕು ತುತ್ತು ಅನ್ನ ಉಣ್ಣಿರಿ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಗಳ ಹಸಿವು ತಪ್ಪಿತು, ಅದು ದೊಡ್ಡ ಮಾತು. ಆದರೆ ಶುಗರ್ ಇದ್ದವರು ಮೂರು ಹೊತ್ತೂ ರೇಷನ್ ಅಕ್ಕಿಯ ಅನ್ನವನ್ನೇ ಉಂಡರೆ ಕಷ್ಟ.

ನಮ್ಮ ಎಳ್ಳಮಾವಾಸ್ಯೆ ಊಟವನ್ನೇ ನೋಡಿರಿ. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಭಜ್ಜಿಯಲ್ಲಿ ಏನೇನಿಲ್ಲ? ಹಸಿ ತೊಗರಿ, ಕಡಲೆ, ಅವರೆ, ಬಟಾಣಿ, ಮೆಂತ್ಯ, ಬದನೆ, ಗಜ್ಜರಿ. ಜೊತೆಗೆ ಸಜ್ಜೆ ರೊಟ್ಟಿ, ಮಜ್ಜಿಗೆ ಹಾಕಿದ ಜೋಳದ ಅಂಬಲಿ. ಡಾಕ್ಟರು ಹೇಳುವ ತಾಟು ಇದೇ. ವರ್ಷಕ್ಕೊಮ್ಮೆ ಯಾಕೆ, ವಾರಕ್ಕೊಮ್ಮೆ ಸಣ್ಣ ಭಜ್ಜಿ ಮಾಡಲು ಏನು ಅಡ್ಡಿ? ಸಿಗುವ ಎರಡು ಕಾಳು, ಎರಡು ಕಾಯಿಪಲ್ಯೆ ಸಾಕು. ಹಬ್ಬಕ್ಕೆ ಹೋಳಿಗೆ ಬೇಡ ಅನ್ನುವುದಿಲ್ಲ. ಅರ್ಧ ಹೋಳಿಗೆ ಊಟದ ಜೊತೆಗೇ ತಿಂದು, ಅಷ್ಟು ರೊಟ್ಟಿ ಅನ್ನ ಬಿಡಿರಿ. ಬೆಲ್ಲ ನಡೀತದ ಅಂತ ಹೇಳುವವರ ಮಾತು ಕೇಳಬೇಡಿರಿ, ಬೆಲ್ಲವೂ ಸಕ್ಕರೆಯಂತೆಯೇ ಏರಿಸುತ್ತದೆ. ಚಹಾದ ಲೆಕ್ಕವನ್ನೂ ಹಾಕಿರಿ. ಐದು ಕಪ್ಪಿಗೆ ಎರಡೆರಡು ಚಮಚ ಅಂದರೆ ದಿನಕ್ಕೆ 40-50 ಗ್ರಾಂ ಸಕ್ಕರೆ.

ನಮಗೆ ಹೆಚ್ಚು ಚಿಂತೆ ಇರುವುದು ಬೇರೆ ವಿಷಯದಲ್ಲಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವಳು ಹೆಣ್ಣುಮಗಳು. ಅಷ್ಟೊತ್ತಿಗೆ ಪಲ್ಯೆ ಬೇಳೆ ತೀರಿರುತ್ತದೆ. ಉಳಿದಿದ್ದು ರೊಟ್ಟಿ, ಹಿಂಡಿ, ತಣ್ಣನ್ನ. ಶುಗರ್ ಇದ್ದವಳಿಗೆ ಇದಕ್ಕಿಂತ ಕೆಟ್ಟ ತಾಟು ಇಲ್ಲ. ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯೆ, ಬೇಳೆ ತೆಗೆದಿಡಿರಿ. ಅತ್ತೆಯವರಿಗೂ ಶುಗರ್ ಇದ್ದರೆ ಅವರದ್ದೂ ತೆಗೆದಿಡಿರಿ, ಜಗಳ ಆಗುವುದಿಲ್ಲ.

ಬಿ.ಪಿ. ಇದ್ದವರಿಗೆ ಉಪ್ಪಿನ ಮಾತು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಮನೆಗೆ ಒಂದು ಕಿಲೋ ಪ್ಯಾಕೆಟ್ 40 ದಿನ ಬರಬೇಕು. ಅದೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಹಿಂಡಿಯಲ್ಲಿ ಹೋಗುವ ಉಪ್ಪು ಸೇರಿ. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ, ಪ್ಯಾಕೆಟ್ ಮೇಲೆ ತಾರೀಖು ಬರೆದು ನೋಡಿರಿ. ಕಿಡ್ನಿ ತೊಂದರೆ ಇದ್ದವರ ಪಥ್ಯ ಮಾತ್ರ ಬೇರೆ, ಅವರು ಡಾಕ್ಟರು ಹೇಳಿದಂತೆಯೇ ನಡೆಯಬೇಕು.

ಶ್ರಾವಣ ಸೋಮವಾರ, ರಂಜಾನ್, ನಮ್ಮ ತಪಸ್ಸು ಕಾಲ, ಯಾವ ಉಪವಾಸವೇ ಇರಲಿ, ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿರಿ. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕೂಲಿಗೆ ಹೋದರೆ ಸಕ್ಕರೆ ಪೂರ್ತಿ ಇಳಿಯಬಹುದು. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಯಿರಿ, ಆಮೇಲೆ ಊಟ ಮಾಡಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಊಟ ಸರಿಯಾಯಿತು ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿರಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ ಸಂಘದವರೆಲ್ಲ ಕೂಡಿಯೇ ಹೋಗಿ ಬನ್ನಿರಿ, ಬರೆದುಕೊಟ್ಟ ಚೀಟಿಯನ್ನು ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಂಡು ಮುಂದಿನ ಸಭೆಗೆ ತನ್ನಿರಿ.