‘ನ್ಯಾನೋ’ ಪದದ ಅರ್ಥ, ಬಳಕೆ ಹಾಗೂ ವರ್ತಕರ ಹೊಣೆ

ಮಳೆಗಾಲ ಸಮೀಪಿಸುತ್ತಿದ್ದಂತೆ ಮಂಗಳೂರಿನ ಬಣ್ಣ ಮತ್ತು ಕಟ್ಟಡ ಸಾಮಗ್ರಿಗಳ ಮಳಿಗೆಗಳಲ್ಲಿ ಹಂಚಿನ ಮಾಡಿಗೂ ಗೋಡೆಗೂ ಬಳಿಯುವ ಜಲನಿರೋಧಕ ಲೇಪನಗಳಿಗೆ ಬೇಡಿಕೆ ಹೆಚ್ಚುತ್ತದೆ. ಇಂತಹ ಕೆಲವು ಡಬ್ಬಿಗಳ ಮೇಲೆ ‘ನ್ಯಾನೋ’ ಎಂಬ ಪದವಿರುತ್ತದೆ. ಅದು ಬರಿಯ ಹೆಸರೇ ಅಥವಾ ಸರಕಿನ ಗುಣದ ಕುರಿತ ಹೇಳಿಕೆಯೇ ಎಂಬುದನ್ನು ವರ್ತಕರು ಅರಿತಿರುವುದು ಅವಶ್ಯ.

ಪದದ ಅರ್ಥ

‘ಕುಬ್ಜ’ ಎಂಬರ್ಥದ ಗ್ರೀಕ್ ಪದವೇ ಇದರ ಮೂಲ. ಒಂದು ಮೀಟರಿನ 100 ಕೋಟಿಯಲ್ಲೊಂದು ಭಾಗವೇ 1 ನ್ಯಾನೋಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋಕಣಗಳೆನ್ನುತ್ತಾರೆ. 1 ಮೈಕ್ರಾನ್ ಎಂದರೆ 1,000 ನ್ಯಾನೋಮೀಟರ್; ಆದುದರಿಂದ 1 ಮೈಕ್ರಾನ್ ಗಾತ್ರದ ಪುಡಿ ಎಷ್ಟೇ ನಯವಾಗಿದ್ದರೂ ನ್ಯಾನೋ ಅಲ್ಲ.

ಗಾತ್ರ ಕುಗ್ಗಿದಂತೆ ಮೇಲ್ಮೈ ಹಿಗ್ಗುತ್ತದೆ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 1 ನ್ಯಾನೋಮೀಟರಿನ ಘನಗಳಾಗಿ ವಿಭಜಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು 148 ಸೆಂಟ್ಸ್ ಆಗುತ್ತದೆ. ನ್ಯಾನೋಕಣಗಳ ವಿಶಿಷ್ಟ ಗುಣಗಳಿಗೆ ಇದೊಂದು ಮುಖ್ಯ ಕಾರಣ.

ಕಾನೂನಿನ ದೃಷ್ಟಿ

2009ರಲ್ಲಿ ಮಾರುಕಟ್ಟೆಗೆ ಬಂದ ‘ನ್ಯಾನೋ’ ಕಾರಿನ ಹೆಸರು ‘ಚಿಕ್ಕದು’ ಎಂಬುದನ್ನಷ್ಟೇ ಸೂಚಿಸಿತು. ‘ನ್ಯಾನೋಕಣಗಳುಳ್ಳ ಲೇಪನ’ ಎಂಬುದಾದರೋ ಪುರಾವೆ ಬೇಡುವ ಮಾತು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಲೇಬಲ್, ಹೊದಿಕೆ, ಇನ್‌ವಾಯ್ಸ್‌ಗಳೂ ‘ಜಾಹೀರಾತು’ಗಳೇ. ಬೇರೆಯವರು ತಯಾರಿಸಿದ ಸರಕಿಗೆ ತನ್ನ ಗುರುತನ್ನು ಹಾಕಿ ಮಾರುವವನೂ ‘ತಯಾರಕ’ನೇ. ಡ್ರಮ್ಮುಗಳಲ್ಲಿ ತರಿಸಿ, ಸ್ವಂತ ಬ್ರಾಂಡಿನ ಡಬ್ಬಿಗಳಲ್ಲಿ ತುಂಬಿ ಮಾರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ದಾರಿತಪ್ಪಿಸುವ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ವಹಿಸಬೇಕಾದ ಎಚ್ಚರ

ಗೋಡೆಯ ಮೇಲೆ ನೀರು ಹನಿಗಟ್ಟಿ ಜಾರುವುದು ನ್ಯಾನೋಕಣಗಳಿವೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಧಾರಣ ಸಿಲಿಕೋನ್ ಲೇಪನವೂ ಹಾಗೆ ಮಾಡಬಲ್ಲದು. ಕಣದ ಗಾತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂತಹ ಉಪಕರಣದಿಂದಲೇ ಅಳೆಯಬೇಕು. ಆದುದರಿಂದ ಗಾತ್ರ, ಪರೀಕ್ಷಾ ವಿಧಾನ ಹಾಗೂ ಬ್ಯಾಚ್ ಸಂಖ್ಯೆ ನಮೂದಿಸಿದ ಪ್ರಮಾಣಪತ್ರವನ್ನು ಸರಬರಾಜುದಾರರಿಂದ ಪಡೆದು, ಖರೀದಿ ಬಿಲ್ಲಿನೊಂದಿಗೆ ಕಾದಿರಿಸುವುದು ಕ್ಷೇಮ. ಅದು ದೊರೆಯದಿದ್ದಲ್ಲಿ ‘ಜಲನಿರೋಧಕ ಲೇಪನ’ ಎಂದಷ್ಟೇ ಬರೆದು ಮಾರುವುದು ಲೇಸು. ಮಾರಾಟ ಸ್ವಲ್ಪ ಕಡಿಮೆಯಾದರೂ ಅಂಗಡಿಯ ಹೆಸರು ಉಳಿಯುತ್ತದೆ.