ನಾಣ್ಯ ಕೂಡಿಡುವ ಮುನ್ನ ಅದನ್ನು ಓದಲು ಕಲಿಯೋಣ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದೆ. ಕೊನೆಯಲ್ಲಿ 786 ಇರುವ ನೋಟಿಗೆ ಮೂರು ಲಕ್ಷ, ಟ್ರ್ಯಾಕ್ಟರ್ ಚಿತ್ರದ ಹಳೆಯ ಐದು ರೂಪಾಯಿ ನೋಟಿಗೆ ಎರಡು ಲಕ್ಷ ಎಂದು ಅದರಲ್ಲಿತ್ತು. 786ರ ನೋಟು ಸಿಕ್ಕರೆ ಖರ್ಚು ಮಾಡದೆ ಬರಕತ್ತಿಗೆಂದು ಎತ್ತಿಡುವುದು ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ನಮ್ಮ ದಾದಿಯ ಪೆಟ್ಟಿಗೆಯಲ್ಲೂ ಅಂಥ ಹತ್ತು ರೂಪಾಯಿ ನೋಟು ಒಂದಿತ್ತು. ಅದರ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು. ನೋಂದಣಿಗೆ 650 ರೂಪಾಯಿ ಕಟ್ಟಿ ಅಂದರು, ಕಟ್ಟಿದೆ. ಮರುದಿನ ತೆರಿಗೆಗೆ ಎಂದು ಇನ್ನೂ 2,500 ಕೇಳಿದರು. ಅಬ್ಬಾನ ಹತ್ತಿರ ಕೇಳುವ ಧೈರ್ಯವಾಗದೆ ಸುಮ್ಮನಾದೆ. ಉಳಿದ ದುಡ್ಡು ಉಳಿದದ್ದು ಜಾಣತನದಿಂದಲ್ಲ, ಹೆದರಿಕೆಯಿಂದ. ಹೋದ 650 ರೂಪಾಯಿ ಪುಸ್ತಕಕ್ಕೆಂದು ಮನೆಯಲ್ಲಿ ಕೊಟ್ಟಿದ್ದು.

ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಜನರನ್ನು ಎಚ್ಚರಿಸಿತ್ತು. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಯಾರಿಂದಲೂ ಶುಲ್ಕ, ಕಮಿಷನ್ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ನಾನು ಓದಿರಲಿಲ್ಲ. ನೆನಪಿಡಬೇಕಾದ ಮಾತು ಒಂದೇ: ಮಾರುವವನೇ ಮೊದಲು ದುಡ್ಡು ಕಟ್ಟಬೇಕು ಅಂದರೆ ಅದು ವ್ಯಾಪಾರವಲ್ಲ, ಮೋಸ. ಯಾರಾದರೂ ಈಗಾಗಲೇ ಕಟ್ಟಿದ್ದರೆ ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಿ, ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಆದರೆ ಆ ಫೋಟೊ ತೆಗೆಯಲು ಪೆಟ್ಟಿಗೆ ತೆರೆದದ್ದರಿಂದ ಒಂದು ಒಳ್ಳೆಯದೂ ಆಯಿತು. ನೋಟಿನ ಕೆಳಗೆ ಒಂದು ಹಿಡಿ ಹಳೆಯ ನಾಣ್ಯಗಳಿದ್ದವು. ಅವುಗಳ ಮೇಲೆ ಏನು ಬರೆದಿದೆ ಎಂದು ಓದುತ್ತಾ ಹೋದವನಿಗೆ ಇದೇ ಹವ್ಯಾಸವಾಯಿತು. ಕಲಿತದ್ದನ್ನು ಹೊಸದಾಗಿ ಶುರು ಮಾಡುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಿಸೆಯಿಂದಲೇ ಶುರು ಮಾಡಿ

ಮೊದಲ ಸಂಗ್ರಹಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಕೈಯಲ್ಲಿರುವ ಚಿಲ್ಲರೆಯನ್ನೇ ತಿರುಗಿಸಿ ನೋಡಿ. ಇಸವಿಯ ಕೆಳಗೆ ಸಣ್ಣ ಗುರುತು ಕಾಣುತ್ತದೆ. ವಜ್ರಾಕೃತಿ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ. ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ಒಂದು ರೂಪಾಯಿಯನ್ನು ಬೇರೆ ಬೇರೆ ಟಂಕಸಾಲೆಗಳಿಂದ ಹುಡುಕುವುದೇ ಒಂದು ತಿಂಗಳ ಕೆಲಸ. ಖರ್ಚು ನಾಲ್ಕು ರೂಪಾಯಿ ದಾಟುವುದಿಲ್ಲ.

ಎರಡನೆಯ ಗುರಿ ಹತ್ತು ರೂಪಾಯಿ ನಾಣ್ಯ. ಇದು ನಡೆಯುವುದಿಲ್ಲ ಎಂದು ಅಂಗಡಿಯವರೂ ಬಸ್ಸಿನವರೂ ತಿರುಗಿ ಕೊಡುವುದನ್ನು ನೋಡಿದ್ದೀರಿ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ತಿಳಿಸಿದೆ. ವಿನ್ಯಾಸಗಳು ಬೇರೆ ಬೇರೆ ಇರುವುದೇ ಜನರ ಗೊಂದಲಕ್ಕೆ ಕಾರಣ; ಸಂಗ್ರಹ ಮಾಡುವವನಿಗೆ ಅದೇ ಸುಗ್ಗಿ. ಹದಿನಾಲ್ಕೂ ಸಿಕ್ಕರೆ ಕೂಡಿದ್ದು 140 ರೂಪಾಯಿ. ನಾಳೆ ಬೇಸರವಾದರೆ ಅದೇ 140 ರೂಪಾಯಿಯನ್ನು ಖರ್ಚು ಮಾಡಬಹುದು. ಇಷ್ಟು ನಷ್ಟವಿಲ್ಲದ ಹವ್ಯಾಸ ಬೇರೆ ಯಾವುದಿದೆ?

ಮೂರನೆಯದು ಸ್ಮರಣಾರ್ಥ ನಾಣ್ಯ. ಈ ಬಗೆಯ ಮೊದಲ ನಾಣ್ಯ 1964ರಲ್ಲಿ ನೆಹರೂ ಅವರ ನೆನಪಿಗೆ ಬಂತು. ನಾನು ಎಲ್ಲವನ್ನೂ ಹುಡುಕಲು ಹೋಗದೆ ಚಿಕ್ಕ ಪಟ್ಟಿ ಮಾಡಿಕೊಂಡೆ. 2006ರ ಬಸವೇಶ್ವರರ ಐದು ರೂಪಾಯಿ ಅದರಲ್ಲಿ ಮೊದಲನೆಯದು, ಕೂಡಲಸಂಗಮ ನಮ್ಮ ಜಿಲ್ಲೆಯದೇ ಅಲ್ಲವೇ. ನಂತರ ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಜನ್ಮದ 125ನೇ ವರ್ಷದ ನಾಣ್ಯ, ಗಾಯಕಿ ಬೇಗಂ ಅಖ್ತರ್ ಅವರ ಜನ್ಮ ಶತಮಾನೋತ್ಸವದ ನಾಣ್ಯ. ನೀವೂ ಹೀಗೆ ಒಂದು ವಿಷಯ ಹಿಡಿದುಕೊಳ್ಳಿ. ಸಿಕ್ಕಿದ್ದನ್ನೆಲ್ಲ ತುಂಬಿದರೆ ಅದು ಡಬ್ಬಿ, ಸಂಗ್ರಹವಲ್ಲ.

ಮನೆಯ ಹಿರಿಯರನ್ನು ಕೇಳಿ

1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅಂದಿನಿಂದ ರೂಪಾಯಿಗೆ 100 ‘ನಯಾ ಪೈಸೆ’ ಆಯಿತು. 1964ರಲ್ಲಿ ‘ನಯಾ’ ಎಂಬ ಮಾತು ಬಿದ್ದುಹೋಯಿತು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೊರಟವು. ಹೀಗಾಗಿ ಮೂರು ಪೈಸೆಯ ಆರು ಮೂಲೆಯ ಅಲ್ಯೂಮಿನಿಯಂ ನಾಣ್ಯ, ಚೌಕಾಕಾರದ ಐದು ಪೈಸೆ ಇನ್ನೂ ಎಷ್ಟೋ ಮನೆಗಳ ಡಬ್ಬಿಯಲ್ಲಿ ಬಿದ್ದಿವೆ. ನಡುವೆ ತೂತಿರುವ ಒಂದು ಪೈಸೆ ಸಿಕ್ಕರೆ ಅದು 1943ರಿಂದ 1947ರ ನಡುವಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ಹಾಗೆ ಮಾಡಿದ್ದರು.

ನಮ್ಮ ದಾದಿಯ ತವರು ಕುಷ್ಟಗಿ ಕಡೆ. ಬಾದಾಮಿ, ಹುನಗುಂದ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದರೆ, ಹುನಗುಂದದ ಗಡಿ ದಾಟಿದ ಕೂಡಲೇ ಕುಷ್ಟಗಿ ನಿಜಾಮರದ್ದು. ಎರಡೂ ಕಡೆ ಬೇರೆ ಬೇರೆ ರೂಪಾಯಿ. ಅವಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಚಾರ್‌ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ. ಚಾರ್‌ಮಿನಾರ್ ಬಾಗಿಲಿನೊಳಗೆ ಒಂದು ಅಕ್ಷರವಿರುತ್ತದೆ. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದ್ದು. ನಮ್ಮದರಲ್ಲಿ ಐನ್ ಇತ್ತು.

ನಮಗಿರುವ ಅನುಕೂಲ

ಇಲ್ಲಿ ನಮ್ಮ ಕಾಲೇಜಿನವರಿಗೆ ದುಡ್ಡಿಗೆ ಸಿಗದ ಒಂದು ಅನುಕೂಲವಿದೆ. ನಮ್ಮಲ್ಲಿ ಅನೇಕರು ಕನ್ನಡದ ಜೊತೆಗೆ ಉರ್ದು ಲಿಪಿಯನ್ನೂ ಓದುತ್ತೇವೆ. ದಖ್ಖನಿನ ಸುಲ್ತಾನರ, ನಿಜಾಮರ, ಹೈದರ್ ಅಲಿ, ಟಿಪ್ಪು ಸುಲ್ತಾನರ ನಾಣ್ಯಗಳನ್ನು ಓದಲು ಇದು ಬೇಕೇ ಬೇಕು. ಓದಲು ಬಾರದವರೂ ಹೆದರಬೇಕಿಲ್ಲ, ಅಂಕಿ ಕಲಿತರೆ ಸಾಕು. ಸೊನ್ನೆ ಎಂದರೆ ಚುಕ್ಕಿ, ಒಂದು ಎಂದರೆ ನೆಟ್ಟಗಿನ ಗೆರೆ, ಐದು ದುಂಡಗೆ. ಮೇಲೆ ಬಾಯಿ ತೆರೆದಂತಿದ್ದರೆ ಏಳು, ಅದನ್ನೇ ಬೋರಲು ಹಾಕಿದರೆ ಎಂಟು.

ಸಿಕ್ಕ ವರ್ಷ ಹಿಜರಿಯದ್ದು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು. ಆದ್ದರಿಂದ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. 1337 ಎಂದಿದ್ದರೆ 40 ಕಳೆದು 1297, ಅದಕ್ಕೆ 622 ಕೂಡಿಸಿದರೆ 1919. ಅಂದರೆ 1918-19ರ ನಾಣ್ಯ. ಟಿಪ್ಪುವಿನ ನಾಣ್ಯಗಳಿಗೆ ಮಾತ್ರ ಈ ಲೆಕ್ಕ ಎಲ್ಲ ಕಡೆ ನಡೆಯದು. ಆತ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದು, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಆನೆ ಚಿತ್ರದ ತಾಮ್ರದ ಪೈಸೆಗಳಿಗೆ ಜೊಹ್ರಾ, ಬಹ್ರಾಮ್, ಅಖ್ತರ್, ಕುತ್ಬ್ ಎಂದು ಗ್ರಹ ನಕ್ಷತ್ರಗಳ ಹೆಸರಿಟ್ಟ. ಬಿಜಾಪುರದ ಎರಡನೇ ಅಲಿ ಆದಿಲ್ ಶಾಹನ ಕಾಲದಲ್ಲಂತೂ ಬೆಳ್ಳಿಯ ತಂತಿಯನ್ನು ಮಡಚಿ ಮುದ್ರೆ ಒತ್ತಿದ ‘ಲಾರಿನ್’ ಎಂಬ ನಾಣ್ಯವೂ ಇತ್ತು. ಇವನ್ನೆಲ್ಲ ಕೊಳ್ಳುವ ಆಸೆ ಈಗ ಬೇಡ. ರಿಸರ್ವ್ ಬ್ಯಾಂಕಿನ ಹಣ ಸಂಗ್ರಹಾಲಯ ಮುಂಬೈಯಲ್ಲಿದೆ, ಅದನ್ನು 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ಅದರ ಜಾಲತಾಣದಲ್ಲಿ ಹಳೆಯ ನಾಣ್ಯಗಳ ಚಿತ್ರಗಳನ್ನು ಪುಕ್ಕಟೆ ನೋಡಬಹುದು.

ತೊಳೆಯಬೇಡಿ

ನನ್ನ ಎರಡನೆಯ ತಪ್ಪು ಇದು. ದಾದಿಯ ರೂಪಾಯಿ ಕಪ್ಪಾಗಿದೆ ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು, ಆದರೆ ಅಂಚಿನ ಅಕ್ಷರಗಳು ಸವೆದು ವರ್ಷದ ಕೊನೆಯ ಅಂಕಿ ಅಳಿಸಿಹೋಯಿತು. ದಾದಿ ಬೈಯಲಿಲ್ಲ. “ನನ್ನ ಅಮ್ಮಿ ಕೊಟ್ಟಾಗ ಹಿಂಗಿರಲಿಲ್ಲ” ಅಂದಳು, ಅಷ್ಟೆ. ಆ ಕಪ್ಪು ನಾಣ್ಯದ ವಯಸ್ಸು. ಅದನ್ನು ತೆಗೆದರೆ ತಿರುಗಿ ಬರುವುದಿಲ್ಲ. ತೊಳೆದ ನಾಣ್ಯವನ್ನು ತಿಳಿದವರು ಒಳ್ಳೆಯ ಬೆಲೆಗೆ ಕೊಳ್ಳುವುದೂ ಇಲ್ಲ.

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಬೆವರು ತಾಗಿದರೆ ಕಲೆ ಬೀಳುತ್ತದೆ. ಒಂದೊಂದನ್ನೂ ಸಣ್ಣ ಕಾಗದದ ಲಕೋಟೆಯಲ್ಲಿಟ್ಟು ಇಸವಿ, ಟಂಕಸಾಲೆ, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಬರೆಯಿರಿ. ಅಗ್ಗದ ಪಿವಿಸಿ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಯುತ್ತದೆ.

ಕೊಳ್ಳುವಾಗ

ಬನಶಂಕರಿ ಜಾತ್ರೆಯಂಥ ಕಡೆ ಹಳೆಯ ಸಾಮಾನು ಹರವಿಕೊಂಡವರ ಹತ್ತಿರ ಈಸ್ಟ್ ಇಂಡಿಯಾ ಕಂಪನಿ ಹೆಸರು, 1818ರ ಇಸವಿ ಇರುವ, ರಾಮ ದರ್ಬಾರ್ ಅಥವಾ ಹನುಮಂತನ ಚಿತ್ರದ ದಪ್ಪ ಬಿಲ್ಲೆಗಳು ಸಿಗಬಹುದು. ಕಂಪನಿ ಅಂಥ ನಾಣ್ಯ ಹೊರಡಿಸಿರಲಿಲ್ಲ; ಇವು ಈಚೆಗೆ ಮಾಡಿದವು. ಮಕ್ಕಾ ಮದೀನಾ ಚಿತ್ರದ ಬಿಲ್ಲೆಗಳೂ ಹೀಗೆಯೇ. ಭಕ್ತಿಯಿಂದ ಇಟ್ಟುಕೊಳ್ಳಿ, ಆದರೆ ಹಳೆಯ ನಾಣ್ಯವೆಂದು ನೂರಾರು ರೂಪಾಯಿ ಕೊಡಬೇಡಿ. ಹೆಸರು ಗೊತ್ತಿಲ್ಲದ ನಾಣ್ಯವನ್ನು ಅಂದೇ ಕೊಳ್ಳಬೇಡಿ, ಮನೆಗೆ ಬಂದು ಓದಿ ಮರುದಿನ ಹೋಗಿ.

ಇನ್ನೊಂದು ಮಾತು ನಮ್ಮ ಊರಿನವರಿಗೆ ಮುಖ್ಯ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸುತ್ತ “ಹೊಲದಾಗ ಸಿಕ್ಕದ್ದು” ಎಂದು ಯಾರಾದರೂ ನಾಣ್ಯ ತೋರಿಸಿದರೆ ಕೈಹಾಕಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ಅದಕ್ಕಿಂತ ಹೆಚ್ಚಾಗಿ, ಯಾವ ನೆಲದಲ್ಲಿ, ಯಾವ ಪದರದಲ್ಲಿ ಸಿಕ್ಕಿತೆಂಬುದೇ ಇತಿಹಾಸಕಾರರಿಗೆ ಬೇಕಾದ ಸಾಕ್ಷಿ. ಕಿಸೆಗೆ ಹಾಕಿಕೊಂಡರೆ ಆ ಸಾಕ್ಷಿ ಅಲ್ಲಿಗೇ ಸತ್ತಂತೆ.

ಈಗ ನನ್ನ ಹತ್ತಿರ 112 ನಾಣ್ಯಗಳಿವೆ. ಎಲ್ಲಕ್ಕೂ ಸೇರಿ ಖರ್ಚಾದದ್ದು ಆ ಜಾಹೀರಾತಿಗೆ ಕಳೆದುಕೊಂಡ 650ಕ್ಕಿಂತ ಕಡಿಮೆ. 786ರ ನೋಟು ತಿರುಗಿ ದಾದಿಯ ಪೆಟ್ಟಿಗೆ ಸೇರಿದೆ, ಅದರ ಬೆಲೆ ಇಂದಿಗೂ ಹತ್ತು ರೂಪಾಯಿ. ನಿಮ್ಮ ಮನೆಯಲ್ಲಿ ಓದಲು ಬಾರದ ನಾಣ್ಯವಿದ್ದರೆ ಬಿಡುವಿನ ವೇಳೆಯಲ್ಲಿ ಗ್ರಂಥಾಲಯಕ್ಕೆ ತನ್ನಿ, ಸೇರಿ ಓದೋಣ. ನನಗೆ ತೊಡಕಾದರೆ ನಮ್ಮ ಉರ್ದು ಉಪನ್ಯಾಸಕರು ಇದ್ದೇ ಇದ್ದಾರೆ. ತರುವ ಮುನ್ನ ತೊಳೆಯಬೇಡಿ, ಅಷ್ಟೇ ನನ್ನ ವಿನಂತಿ.