ಕಾಯಿಲ್ ಹಾಕಿದ ಮೇಲಿನ ಲೆಕ್ಕ

2011ರ ಜನಗಣತಿಯಲ್ಲಿ ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳ ಒಟ್ಟು ಜನ ಸುಮಾರು 42 ಲಕ್ಷ. ವಯಸ್ಕರಲ್ಲಿ ನೂರಕ್ಕೆ ಮೂವರ ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ಗೋಡೆ ತೆಳುವಾಗಿ ಉಬ್ಬಿದ ಗುಳ್ಳೆ ಇರುತ್ತದೆಂಬುದು ಜಾಗತಿಕ ಅಂದಾಜು. ಹೆಚ್ಚಿನವು ಕೊನೆಯವರೆಗೂ ಒಡೆಯುವುದಿಲ್ಲ. ಒಡೆಯುವ ಪ್ರಮಾಣ ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 6. ಅದೇ ದರ ಹಿಡಿದರೆ ಇಲ್ಲಿ ವರ್ಷಕ್ಕೆ 250 ಮನೆಗಳಿಗೆ ಈ ಆಘಾತ.

ತಲೆಬುರುಡೆ ತೆರೆಯದೆ, ತೊಡೆಸಂದು ಅಥವಾ ಮಣಿಕಟ್ಟಿನಿಂದ ತೆಳು ನಳಿಗೆ ತೂರಿಸಿ ಗುಳ್ಳೆಗೆ ಪ್ಲಾಟಿನಂ ಸುರುಳಿ, ಅಂದರೆ ಕಾಯಿಲ್, ತುಂಬುವ ಚಿಕಿತ್ಸೆ 1990ರಿಂದ ಇದೆ. ಒಡೆದ ಗುಳ್ಳೆಯ 2,143 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ 23.7%, ತೆರೆದ ಶಸ್ತ್ರಚಿಕಿತ್ಸೆಯಲ್ಲಿ 30.6%. ಈ ಅಂತರ ದೊಡ್ಡದು. ಕಾಯಿಲ್ ಎಂದರೆ ಹೆದರಬೇಕಿಲ್ಲ.

ಆದರೆ ಲೋಹ ಕಂಡಲ್ಲಿ ರಕ್ತ ಹೆಪ್ಪುಗಟ್ಟಲು ನೋಡುತ್ತದೆ, ಆ ಹೆಪ್ಪು ಜಾರಿದರೆ ಪಾರ್ಶ್ವವಾಯು. ಒಡೆಯದ ಗುಳ್ಳೆಗಳ ಬಗ್ಗೆ ಲಕ್ಷಕ್ಕೂ ಮಿಕ್ಕ ರೋಗಿಗಳ ಅಧ್ಯಯನಗಳನ್ನು ಒಗ್ಗೂಡಿಸಿದ 2019ರ ವಿಶ್ಲೇಷಣೆ, ನಳಿಗೆ ಚಿಕಿತ್ಸೆಯ ತೊಡಕುಗಳನ್ನು 4.96%, ಸಾವನ್ನು 0.30% ಎಂದಿತು. ಪಾರ್ಶ್ವವಾಯು ಆ ತೊಡಕುಗಳಲ್ಲಿ ಒಂದು. ರಕ್ತದ ಹರಿವು ತಿರುಗಿಸುವ ಜಾಲರಿ ಸ್ಟೆಂಟಿನ 2013ರ ವರದಿಯಲ್ಲಿ, ದೊಡ್ಡ ಗುಳ್ಳೆಗಳ 108 ರೋಗಿಗಳ ಪೈಕಿ 5.6% ಮಂದಿಗೆ ತೀವ್ರ ಪಾರ್ಶ್ವವಾಯು ಅಥವಾ ನರಸಂಬಂಧಿ ಸಾವು.

ರಕ್ತ ಹೆಪ್ಪುಗಟ್ಟುವುದಕ್ಕೆ ತಡೆ ಎರಡು ಅಗ್ಗದ ಮಾತ್ರೆ: ಆಸ್ಪಿರಿನ್, ಕ್ಲೊಪಿಡೋಗ್ರೆಲ್. ಸ್ಟೆಂಟ್ ಹಾಕಿಸಿಕೊಂಡವರಿಗೆ ದಿನಕ್ಕೊಂದು ಕ್ಲೊಪಿಡೋಗ್ರೆಲ್‌ನಂತೆ ಆರು ತಿಂಗಳಿಗೆ ಹೆಚ್ಚುಕಡಿಮೆ 180 ಮಾತ್ರೆ ಬೇಕು. ಆಸ್ಪತ್ರೆಯ ಖರ್ಚಿಗೆ ನೆರವಾಗುವ ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯ ಮಿತಿ 1.5 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿದೆ. ಆದರೆ ಆಸ್ಪತ್ರೆಯ ಬಿಲ್ಲಿನ ಚರ್ಚೆಯಲ್ಲೇ ಮನೆಯವರ ಶಕ್ತಿಯೆಲ್ಲ ಮುಗಿದು, ಈ 180ರ ಲೆಕ್ಕ ಹಿಂದೆ ಬೀಳಬಾರದು. ಹಲ್ಲು ಕೀಳಿಸಲೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಮೊದಲು ನಳಿಗೆ ಹಾಕಿದ ವೈದ್ಯರನ್ನೇ ಕೇಳಿ. ಠಾಣೆಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೊರಡುವ ನಮ್ಮ ಕರಾವಳಿಯ ಕುಟುಂಬಗಳು ರಜೆಯಷ್ಟಕ್ಕಲ್ಲ, ಒಂದು ವಾರ ಹೆಚ್ಚಿಗೆ ಮಾತ್ರೆ ಒಯ್ಯಲಿ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108 ಆಂಬುಲೆನ್ಸಿಗೆ ಫೋನ್ ಮಾಡಿ, ಆಸ್ಪತ್ರೆಯ ಬಾಗಿಲಲ್ಲೇ ‘ಕಾಯಿಲ್ ಹಾಕಿದೆ’ ಎಂದು ಹೇಳಿ, ಡಿಸ್ಚಾರ್ಜ್ ಕಾಗದ ಕೊಡಿ. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಆದರೆ ಇತ್ತೀಚೆಗೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಆ ಔಷಧಿ ಕೊಡುವಂತಿಲ್ಲ; ಆ ಕಾಗದ ಬೇಕಾಗುವುದು ಅದಕ್ಕೇ.